ಹಿಮ ಬೀಳುವ ಊರಿನ ಮನೆಗೆ ಸೈಡಿಂಗ್ ಆರಿಸುವುದು ಹೇಗೆ

ಸೈಡಿಂಗ್ ಎಂದರೆ ಮನೆಯ ಹೊರಗೋಡೆಗೆ ಹೊದಿಸುವ ಹಲಗೆ, ಹಾಳೆ, ತಗಡು ಅಥವಾ ಇಟ್ಟಿಗೆಯ ಹೊದಿಕೆ. ಬರೀ ಚಳಿಯಿಂದ ಹಾಳಾಗುವ ಸೈಡಿಂಗ್ ಕಡಿಮೆ. ಹಾಳುಮಾಡುವುದು ನೀರು. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಲಗೆಯ ಕತ್ತರಿಸಿದ ತುದಿಯಲ್ಲೋ, ಇಟ್ಟಿಗೆಯ ಸಣ್ಣ ರಂಧ್ರಗಳಲ್ಲೋ, ಎರಡು ತುಂಡುಗಳ ಸಂದಿನಲ್ಲೋ ಸೇರಿಕೊಂಡ ನೀರು ರಾತ್ರಿ ಮಂಜುಗಡ್ಡೆಯಾಗಿ ಬಿರುಕನ್ನು ಕೊಂಚ ಅಗಲಿಸುತ್ತದೆ. ಮಧ್ಯಾಹ್ನ ಕರಗಿ ಇನ್ನೂ ಒಳಕ್ಕೆ ಇಳಿಯುತ್ತದೆ, ರಾತ್ರಿ ಮತ್ತೆ ಹೆಪ್ಪಾಗುತ್ತದೆ. ಹಾಗಾಗಿ ಚಳಿಗಾಲವಿಡೀ −25 ಡಿಗ್ರಿಯಲ್ಲೇ ನಿಲ್ಲುವ ಊರಿಗಿಂತ ಸೊನ್ನೆಯ ಆಚೀಚೆ ಓಲಾಡುವ ಊರು ಗೋಡೆಗಳಿಗೆ ಹೆಚ್ಚು ಕಠಿಣ. ಒಂದೇ ಮನೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ: ಉತ್ತರಾರ್ಧಗೋಳದಲ್ಲಿ ಹಗಲು ಬಿಸಿಲು ಬೀಳುವ ದಕ್ಷಿಣದ ಗೋಡೆ ದಿನಾ ಕರಗಿ ಹೆಪ್ಪಾದರೆ, ಉತ್ತರದ ಗೋಡೆ ವಾರಗಟ್ಟಲೆ ಗಟ್ಟಿಯಾಗಿಯೇ ಇದ್ದು, ವಸಂತದಲ್ಲಿ ಒಣಗಲು ಬಹಳ ದಿನ ತೆಗೆದುಕೊಳ್ಳುತ್ತದೆ.

ಸೈಡಿಂಗ್ ಆರಿಸುವಾಗ ಅದು ನೆನೆದರೆ ಏನಾಗುತ್ತದೆ, ನೆನೆದದ್ದು ಎಷ್ಟು ಬೇಗ ಒಣಗುತ್ತದೆ, ಚಳಿ-ಬಿಸಿಗೆ ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಣ್ಣ, ವಿನ್ಯಾಸ ಆಮೇಲಿನ ಮಾತು.

ಮೊದಲು ಮನೆಯ ಸುತ್ತ ಒಂದು ಸುತ್ತು

ಯಾವ ಗೋಡೆ ಎಷ್ಟು ನೆನೆಯುತ್ತದೆ ಎಂದು ಗುರುತು ಮಾಡಿಕೊಳ್ಳಿ. ಸೂರು 40-60 ಸೆಂ.ಮೀ. ಚಾಚಿದ್ದರೆ ಗೋಡೆಯ ಮೇಲ್ಭಾಗ ಬಹುಪಾಲು ಒಣಗಿರುತ್ತದೆ. ಸೂರೇ ಇಲ್ಲದ ಗೋಡೆ ಪೂರ್ತಿ ನೆನೆಯುತ್ತದೆ. ಗಾಳಿ ತಂದು ಒಟ್ಟುವ ಹಿಮ ಎಲ್ಲಿ ಎಷ್ಟು ಎತ್ತರ ನಿಲ್ಲುತ್ತದೆ, ಛಾವಣಿಯಿಂದ ಜಾರಿದ ಹಿಮ ಎಲ್ಲಿ ಬೀಳುತ್ತದೆ, ಹಿಮ ತೆಗೆಯುವ ಯಂತ್ರ ಜಲ್ಲಿಕಲ್ಲು ಬೆರೆತ ಹಿಮವನ್ನು ಯಾವ ಕಡೆಗೆ ಎಸೆಯುತ್ತದೆ, ದಾರಿಗೆ ಹಾಕಿದ ಉಪ್ಪು ಯಾವ ಗೋಡೆಗೆ ಸಿಡಿಯುತ್ತದೆ, ಇವೆಲ್ಲ ಬರೆದಿಟ್ಟುಕೊಳ್ಳಿ. ಬಚ್ಚಲಿನ ಫ್ಯಾನು, ಬಟ್ಟೆ ಒಣಗಿಸುವ ಯಂತ್ರ, ಗ್ಯಾಸ್ ಹೀಟರುಗಳ ಹೊಗೆನಳಿಕೆ ಗೋಡೆಯಿಂದ ಹೊರಬರುವ ಜಾಗಗಳನ್ನೂ ಮರೆಯಬೇಡಿ. ಅಲ್ಲಿ ಬಿಸಿ ಹಬೆ ತಣ್ಣನೆಯ ಸೈಡಿಂಗಿಗೆ ತಾಗಿ ಮಂಜುಗಡ್ಡೆಯ ಪದರವಾಗುತ್ತದೆ.

ಇಷ್ಟು ನೋಡಿದ ಮೇಲೆ ಎಲ್ಲ ಗೋಡೆಗೂ ಒಂದೇ ವಸ್ತು ಬೇಕಿಲ್ಲ ಎಂಬುದು ತಾನಾಗಿ ಹೊಳೆಯುತ್ತದೆ. ಹಿಮ ಒಟ್ಟುವ ಕೆಳಗಿನ 50-60 ಸೆಂ.ಮೀ.ಗೆ ಕಾಂಕ್ರೀಟ್, ಕಲ್ಲು ಅಥವಾ ಲೋಹದ ತಗಡು, ಅದರ ಮೇಲಕ್ಕೆ ಹಲಗೆ: ಇದು ಹಳೆಯ, ಒಳ್ಳೆಯ ಪದ್ಧತಿ.

ಯಾವ ವಸ್ತು ಹೇಗೆ

ಫೈಬರ್ ಸಿಮೆಂಟ್ ಎಂದರೆ ಸಿಮೆಂಟು, ಮರಳು ಮತ್ತು ಮರದ ನಾರು ಸೇರಿಸಿ ಒತ್ತಿ ಮಾಡಿದ ಹಲಗೆ. ದಪ್ಪ ಸಾಮಾನ್ಯವಾಗಿ 8 ಮಿ.ಮೀ., ತೂಕ ಚದರ ಮೀಟರಿಗೆ 11-12 ಕಿಲೋ. ಬೆಂಕಿ ಹಿಡಿಯುವುದಿಲ್ಲ, ಮರಕುಟುಕ ಕುಕ್ಕುವುದಿಲ್ಲ, ಬಿಸಿಲು ಚಳಿಗೆ ಹೆಚ್ಚು ಅಲುಗುವುದಿಲ್ಲ. ಇದರ ದುರ್ಬಲ ಜಾಗ ಕತ್ತರಿಸಿದ ಅಂಚು. ಬಣ್ಣವಿಲ್ಲದ ಅಂಚು ನೀರು ಹೀರುತ್ತದೆ, ಹೀರಿದ ನೀರು ಹೆಪ್ಪುಗಟ್ಟಿದಾಗ ಹಲಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಬಣ್ಣ ಹಾಕಿ ಬಂದ ಹಲಗೆಯೇ ಆದರೂ, ಕೆಲಸದ ಜಾಗದಲ್ಲಿ ಕತ್ತರಿಸಿದ ಪ್ರತಿ ತುದಿಗೂ ಕಂಪನಿ ಹೇಳಿದ ಬಣ್ಣ ಅಥವಾ ಸೀಲರ್ ಆಗಲೇ ಹಚ್ಚಬೇಕು. ಕೆಲವು ಕಂಪನಿಗಳು ಹೆಪ್ಪುಗಟ್ಟುವ ಹವೆಗೆಂದೇ ಬೇರೆ ಮಿಶ್ರಣದ ಹಲಗೆ ಮಾಡುತ್ತವೆ. ನಿಮ್ಮ ಊರಿಗೆ ಯಾವುದು ಎಂದು ಕೇಳಿಯೇ ಕೊಳ್ಳಿ. ಬಿಸಿ ಊರಿಗೆ ಮಾಡಿದ ಸರಕು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ವಾರಂಟಿಯೂ ಹೋಯಿತು, ಹಲಗೆಯೂ ಹೋಯಿತು. ಎರಡು ಹಲಗೆಯ ತುದಿಗಳು ಕೂಡುವ ಜಾಗ ಗೋಡೆಯೊಳಗಿನ ಮರದ ಚೌಕಟ್ಟಿನ ಕಂಬದ ಮೇಲೇ ಬರಬೇಕು, ಆ ಸಂದಿನ ಹಿಂದೆ ಸುಮಾರು 150 ಮಿ.ಮೀ. ಅಗಲದ ನೀರುಪಟ್ಟಿ (ಒಳಹೊಕ್ಕ ನೀರನ್ನು ಹೊರಕ್ಕೆ ತಿರುಗಿಸುವ ಪಟ್ಟಿ) ಇರಬೇಕು. ಕಿಟಕಿಪಟ್ಟಿ, ಮೂಲೆಪಟ್ಟಿಗಳ ಬಳಿ 3 ಮಿ.ಮೀ. ಸಂದು ಬಿಟ್ಟು ಸೀಲಂಟ್ (ಸಂದು ಮುಚ್ಚುವ, ಹಿಗ್ಗಬಲ್ಲ ಅಂಟು) ತುಂಬಿ. ಹಲಗೆಯನ್ನು ಮಲಗಿಸಿ ಹೊತ್ತರೆ ನಡುವೆ ಬಾಗಿ ಮುರಿಯುತ್ತದೆ. ಅಂಚಿನ ಮೇಲೆ ನಿಲ್ಲಿಸಿಕೊಂಡು ಹೊರಬೇಕು. ಕತ್ತರಿಸುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ದೂಳು ಎಳೆಯುವ ಗರಗಸ ಅಥವಾ ಕತ್ತರಿ ಯಂತ್ರ ಬಳಸಿ, ಮಾಸ್ಕ್ ಹಾಕಿಕೊಳ್ಳಿ, ಮನೆಯೊಳಗಂತೂ ಕತ್ತರಿಸಲೇಬೇಡಿ.

ವಿನೈಲ್ ಅಗ್ಗ, ಹಗುರ, ನೀರು ಹೀರುವುದಿಲ್ಲ, ಬಣ್ಣ ಹೊಡೆಯುವ ಕೆಲಸವಿಲ್ಲ. ತೊಂದರೆ ಎರಡು. ಒಂದು, ಗಡಗಡ ಚಳಿಯಲ್ಲಿ ಅದು ಪೆಡಸಾಗುತ್ತದೆ. ಬೇಸಿಗೆಯಲ್ಲಿ ಬಗ್ಗಿ ಸುಧಾರಿಸಿಕೊಳ್ಳುವ ಹಾಳೆ ಚಳಿಯಲ್ಲಿ ಒಂದು ಕಲ್ಲೇಟಿಗೆ ಸೀಳುತ್ತದೆ. ಎರಡನೆಯದು, ಹಿಗ್ಗು-ಕುಗ್ಗು. ಸುಮಾರು 3.6 ಮೀಟರ್ ಉದ್ದದ ಹಾಳೆ ಕಡು ಚಳಿಯಿಂದ ಕಡು ಬೇಸಿಗೆಯವರೆಗೆ 12 ಮಿ.ಮೀ.ಗೂ ಹೆಚ್ಚು ಉದ್ದ ಬದಲಿಸಬಲ್ಲದು. ಅಷ್ಟೇ ಉದ್ದದ ಉಕ್ಕಿನ ಹಾಳೆ 2-3 ಮಿ.ಮೀ. ಬದಲಾದರೆ ಹೆಚ್ಚು, ಅಲ್ಯೂಮಿನಿಯಂ ಅದರ ಇಮ್ಮಡಿ. ಆದ್ದರಿಂದ ವಿನೈಲ್ ಹಾಳೆಯನ್ನು ಗೋಡೆಗೆ ಬಿಗಿಯುವುದಲ್ಲ, ನೇತುಹಾಕುವುದು. ಮೊಳೆ ಉದ್ದುದ್ದ ತೂತಿನ ನಟ್ಟನಡುವೆ ಬೀಳಬೇಕು, ಮೊಳೆತಲೆಗೂ ಹಾಳೆಗೂ ನಡುವೆ ಸುಮಾರು 1 ಮಿ.ಮೀ. ಎಡೆ ಉಳಿಯಬೇಕು. ಬಡಿದ ಮೇಲೆ ಕೈಯಲ್ಲಿ ಹಿಡಿದು ಅತ್ತಿತ್ತ ಸರಿಸಿ ನೋಡಿ. ಸರಿಯದಿದ್ದರೆ ಮೊಳೆ ಸಡಿಲಿಸಿ. ತುದಿಗಳಲ್ಲಿ ಮೂಲೆ ಮತ್ತು ಕಿಟಕಿಯ ಚಾನಲ್ (ಹಾಳೆಯ ತುದಿ ಕೂರುವ ತೋಡುಪಟ್ಟಿ) ಒಳಗೆ 6 ಮಿ.ಮೀ. ಖಾಲಿ ಬಿಡಿ. ಉಷ್ಣತೆ 4-5 ಡಿಗ್ರಿಗಿಂತ ಕೆಳಗಿರುವಾಗ ಹಾಕುತ್ತಿದ್ದರೆ 10 ಮಿ.ಮೀ. ಬಿಡಬೇಕು, ಏಕೆಂದರೆ ಆಗ ಹಾಳೆ ಕುಗ್ಗಿದ ಸ್ಥಿತಿಯಲ್ಲಿದೆ, ಬೇಸಿಗೆಯಲ್ಲಿ ಬೆಳೆಯಲು ಜಾಗ ಬೇಕು. ಬೇಸಿಗೆಯಲ್ಲಿ ಡೊಂಕು ಡೊಂಕಾಗಿ ಉಬ್ಬಿದ ವಿನೈಲ್ ಗೋಡೆ ಕಂಡರೆ ಮೊಳೆ ಬಿಗಿಯಾಯಿತು ಎಂದೇ ಬಹುತೇಕ ಅರ್ಥ. ಒಂದಕ್ಕೊಂದು ಸುಮಾರು 25 ಮಿ.ಮೀ. ಮೇಲುಹೊದಿಕೆ ಇರಲಿ. ಹಿಮದೂರಿಗೆ 1.0ರಿಂದ 1.2 ಮಿ.ಮೀ. ದಪ್ಪದ ಹಾಳೆಯನ್ನೇ ಕೊಳ್ಳಿ. ಹಿಂದೆ ಫೋಮ್ ಅಂಟಿಸಿದ ನಮೂನೆ ಪೆಟ್ಟನ್ನು ಇನ್ನಷ್ಟು ತಾಳುತ್ತದೆ. ಗಾಢ ಬಣ್ಣ ಹೆಚ್ಚು ಬಿಸಿಯಾಗಿ ಹೆಚ್ಚು ಹಿಗ್ಗುತ್ತದೆ, ತಿಳಿ ಬಣ್ಣವೇ ವಾಸಿ.

ಎಂಜಿನಿಯರ್ಡ್ ವುಡ್, ಅಂದರೆ ಮರದ ಚಕ್ಕೆಗಳನ್ನು ರಾಳ, ಮೇಣ ಮತ್ತು ಕೊಳೆ, ಹುಳ ತಡೆಯುವ ಜಿಂಕ್ ಬೋರೇಟ್ ಸೇರಿಸಿ ಒತ್ತಿದ ಹಲಗೆ, ಚಳಿಯಲ್ಲಿ ಪೆಟ್ಟು ತಾಳುವುದರಲ್ಲಿ ವಿನೈಲ್ ಮತ್ತು ಫೈಬರ್ ಸಿಮೆಂಟ್ ಎರಡಕ್ಕಿಂತ ಮೇಲು. ಹಗುರವೂ ಹೌದು, ಮಾಮೂಲಿ ಗರಗಸದಲ್ಲೇ ಕತ್ತರಿಸಬಹುದು. ಆದರೆ ಬಣ್ಣ ಮುಚ್ಚದ ಅಂಚಿನಲ್ಲಿ ಊದಿಕೊಳ್ಳುತ್ತದೆ, ಊದಿದ್ದು ಮತ್ತೆ ಇಳಿಯುವುದಿಲ್ಲ. ತುದಿಗಳ ನಡುವೆ 5 ಮಿ.ಮೀ. ಸಂದು ಬೇಕು. ಮೊಳೆತಲೆ ಮೇಲ್ಮೈಯನ್ನು ಸೀಳಿ ಒಳಹೋದರೆ ಆ ಕುಳಿಯನ್ನು ಅದೇ ದಿನ ಸೀಲಂಟ್ ಹಾಕಿ ಮುಚ್ಚಬೇಕು. ಅಂಚು ಅಂಚಿಗೂ ಬಣ್ಣ ಹಚ್ಚುವ ತಾಳ್ಮೆಯಿಲ್ಲದ ಕೆಲಸಗಾರರು ಸಿಕ್ಕರೆ ಈ ವಸ್ತುವನ್ನು ಬಿಟ್ಟುಬಿಡುವುದೇ ಲೇಸು.

ಉಕ್ಕಿನ ಸೈಡಿಂಗ್ ದುಬಾರಿ, ಆದರೆ ಭಾರಿ ಹಿಮಕ್ಕೆ ಇದರಷ್ಟು ನಿಶ್ಚಿಂತೆಯ ವಸ್ತು ಕಡಿಮೆ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ: 29ಕ್ಕಿಂತ 26 ಗಟ್ಟಿ. ಸತುವಿನ ಲೇಪ ಚದರ ಮೀಟರಿಗೆ 275 ಗ್ರಾಂ ಇರಲಿ. ಇದನ್ನು ಲೋಹ ಕೊಯ್ಯುವ ಗ್ರೈಂಡರ್ ಯಂತ್ರದಲ್ಲಿ ಕತ್ತರಿಸಬಾರದು. ಕಿಡಿಗಳು ಬಣ್ಣವನ್ನೂ ಸತುವನ್ನೂ ಸುಡುತ್ತವೆ, ಬಿದ್ದ ಕಿಡಿಯ ಚುಕ್ಕಿ ಚುಕ್ಕಿಯೂ ತುಕ್ಕಾಗುತ್ತದೆ. ತಗಡು ಕತ್ತರಿ ಬಳಸಿ. ಅಲ್ಯೂಮಿನಿಯಂಗೆ ತುಕ್ಕಿನ ಭಯವಿಲ್ಲ, ಆದರೆ ಬೇಗ ನೆಗ್ಗುತ್ತದೆ, ನೆಗ್ಗಿದ್ದು ನೆಟ್ಟಗಾಗುವುದಿಲ್ಲ. ದಾರಿಯ ಪಕ್ಕದ ಗೋಡೆಗೆ ಬೇಡ.

ಮರವೇ ಬೇಕೆಂದರೆ ಸೀಡರ್ ಅಥವಾ ಲಾರ್ಚ್. ಸಂದುಗಳಲ್ಲಿ ತೇವಾಂಶ ಶೇ. 20 ದಾಟಿ ನಿಂತರೆ ಮರ ಕುಂಬಾಗಲು (ಕೊಳೆಯಲು) ತೊಡಗುತ್ತದೆ, ಹಾಗಾಗಿ ಶೇ. 15ರ ಆಸುಪಾಸಿನಲ್ಲಿ ಒಣಗಿಸಿದ್ದನ್ನೇ ತಂದು, ಗೋಡೆಗೆ ಬಡಿಯುವ ಮೊದಲು ಹಿಂಬದಿ, ತುದಿ ಸೇರಿ ಆರೂ ಮೈಗೆ ಪ್ರೈಮರ್ ಹಚ್ಚಿ. ಮುಂಭಾಗಕ್ಕೆ ಮಾತ್ರ ಬಣ್ಣ ಕಂಡ ಹಲಗೆ ಹಿಂದಿನಿಂದ ತೇವ ಹೀರಿ ಬಟ್ಟಲಿನಂತೆ ಬಾಗುತ್ತದೆ, ಬಣ್ಣ ಹಕ್ಕಳೆ ಏಳುತ್ತದೆ.

ಇಟ್ಟಿಗೆಯಾದರೆ ಹೆಪ್ಪು-ಕರಗು ತಾಳುವ ದರ್ಜೆಯದ್ದೇ ಬೇಕು: ಅಮೆರಿಕದ ಮಾನದಂಡದಲ್ಲಿ ಎಸ್‌ಡಬ್ಲ್ಯೂ, ಯುರೋಪಿನದ್ದರಲ್ಲಿ ಎಫ್2. ಹಿಂದೆ ಕನಿಷ್ಠ 25 ಮಿ.ಮೀ. ಗಾಳಿಯ ಎಡೆ, ತಳದಲ್ಲಿ ಸುಮಾರು 60 ಸೆಂ.ಮೀ.ಗೊಂದು ನೀರಿಳಿಯುವ ತೂತು. ಇಟ್ಟಿಗೆಗೆ ಉಸಿರಾಡಲು ಬಿಡದ ಹೊಳಪು ಸೀಲರ್ ಬಳಿಯಬೇಡಿ. ಒಳಗೆ ಸಿಕ್ಕಿದ ನೀರು ಮುಂಭಾಗದ ಚಕ್ಕೆಯನ್ನೇ ಎಬ್ಬಿಸಿ ಉದುರಿಸುತ್ತದೆ. ಗಿಲಾವಿನ ಗೋಡೆ ಕೂದಲೆಳೆ ಬಿರುಕಿನಿಂದಲೇ ನೀರು ಕುಡಿಯುತ್ತದೆ. ಸೂರು ಚಾಚಿಲ್ಲದ ಮನೆಗೆ ಗಿಲಾವು ಬೇಡ ಎಂಬುದೇ ನಮ್ಮ ಸಲಹೆ.

ಸೈಡಿಂಗಿನ ಹಿಂದಿನ ಎಡೆ

ಯಾವ ಸೈಡಿಂಗ್ ಆದರೂ ಒಂದಿಷ್ಟು ನೀರು ಹಿಂದಕ್ಕೆ ಹೋಗಿಯೇ ಹೋಗುತ್ತದೆ. ಅದು ಇಳಿದುಹೋಗಲು, ಉಳಿದದ್ದು ಗಾಳಿಗೆ ಆರಲು ದಾರಿ ಬೇಕು. ಗೋಡೆಯ ಪ್ಲೈವುಡ್ ಅಥವಾ ಮರದ ಚಕ್ಕೆ ಒತ್ತಿ ಮಾಡಿದ ಓಎಸ್‌ಬಿ ಮೇಲೆ ಹೌಸ್‌ರ‍್ಯಾಪ್ ಹೊದಿಸಿ (ಇದು ನೀರು ತಡೆದು ಒಳಗಿನ ಹಬೆಯನ್ನು ಹೊರಬಿಡುವ ಹಾಳೆ; ಮೇಲಿನ ಹಾಳೆ ಕೆಳಗಿನದರ ಮೇಲೆ 150 ಮಿ.ಮೀ. ಬರಲಿ), ಚೌಕಟ್ಟಿನ ಕಂಬಗಳ ನೇರಕ್ಕೆ 19 ಮಿ.ಮೀ. ದಪ್ಪದ ಲಂಬ ರೀಪರ್ ಪಟ್ಟಿ ಬಡಿದು, ಅವುಗಳ ಮೇಲೆ ಸೈಡಿಂಗ್ ಹಾಕಿ. 10 ಮಿ.ಮೀ. ಎಡೆಯೂ ನೀರು ಇಳಿಸುತ್ತದೆ, ಆದರೆ ಒಣಗುವುದಕ್ಕೆ 19 ಮಿ.ಮೀ. ವಾಸಿ. ಕೆಳಬಾಯಿಗೆ ಹುಳ ಬಾರದ ಜಾಲರಿ, ಮೇಲ್ಬಾಯಿಯೂ ತೆರೆದಿರಲಿ. ಮರ, ಎಂಜಿನಿಯರ್ಡ್ ವುಡ್, ಫೈಬರ್ ಸಿಮೆಂಟಿಗೆ ಈ ಖರ್ಚು ತಪ್ಪಿಸಬೇಡಿ. ಸೈಡಿಂಗಿಗೆ ಸ್ವಲ್ಪ ಕಡಿಮೆ ದರ್ಜೆ ಆರಿಸಿಯಾದರೂ ರೀಪರಿಗೆ ಹಣ ಉಳಿಸಿ ಎನ್ನುತ್ತೇವೆ.

ನೀರು ಒಳಗಿನಿಂದಲೂ ಬರುತ್ತದೆ. ಚಳಿಗಾಲದಲ್ಲಿ ಮನೆಯೊಳಗಿನ ತೇವದ ಬಿಸಿಗಾಳಿ ಸ್ವಿಚ್ ಪೆಟ್ಟಿಗೆ, ಪೈಪಿನ ಸುತ್ತಲ ಸಂದುಗಳಿಂದ ಗೋಡೆಯೊಳಗೆ ಹೊಕ್ಕು, ಹೊರಗಿನ ತಣ್ಣನೆಯ ಪ್ಲೈವುಡ್‌ಗೆ ತಾಗಿ ಹೆಪ್ಪಾಗುತ್ತದೆ. ವಸಂತದಲ್ಲಿ ಅದೆಲ್ಲ ಒಟ್ಟಿಗೆ ಕರಗುತ್ತದೆ. ಸೈಡಿಂಗ್ ಬದಲಿಸುವಾಗ ಹಳೆಯದನ್ನು ಕಿತ್ತೊಡನೆ ಪ್ಲೈವುಡ್‌ನಲ್ಲಿ ಕಪ್ಪು ಕಲೆ ಕಂಡರೆ, ಮೇಲೆ ಯಾವುದೇ ನೀರಿನ ದಾರಿ ಇಲ್ಲದಿದ್ದರೆ, ಒಳಗಿನ ಗಾಳಿಸಂದುಗಳನ್ನು ಮೊದಲು ಮುಚ್ಚಿ. ಹೊಸ ಸೈಡಿಂಗ್ ಆ ರೋಗಕ್ಕೆ ಮದ್ದಲ್ಲ.

ತಳ, ಕಿಟಕಿ, ಛಾವಣಿ ಕೂಡುವ ಜಾಗ

ನೆಲದಿಂದ ಕನಿಷ್ಠ 150 ಮಿ.ಮೀ., ಕಲ್ಲುಹಾಸು, ಜಗುಲಿ, ಛಾವಣಿಯ ಮೇಲ್ಮೈಯಿಂದ ಕನಿಷ್ಠ 50 ಮಿ.ಮೀ. ಮೇಲೆ ಸೈಡಿಂಗ್ ನಿಲ್ಲಬೇಕು ಎಂಬುದು ಸಾಮಾನ್ಯ ನಿಯಮ. ಹಿಮ ವಾರಗಟ್ಟಲೆ ನಿಲ್ಲುವಲ್ಲಿ ಇದು ಸಾಲದು, ಮೇಲೆ ಹೇಳಿದಂತೆ ಹಿಮದ ಮಟ್ಟದವರೆಗೆ ಕಲ್ಲೋ ತಗಡೋ ಹಾಕಿ.

ಕಿಟಕಿಗೆ ನೀರುಪಟ್ಟಿ ಹಾಕುವ ಕ್ರಮ ಕೆಳಗಿನಿಂದ ಮೇಲಕ್ಕೆ: ಮೊದಲು ಕೆಳಹಲಗೆ, ಆಮೇಲೆ ಎರಡೂ ಬದಿ, ಕೊನೆಗೆ ತಲೆಭಾಗ, ತಲೆಭಾಗದ್ದರ ಮೇಲಂಚು ಹೌಸ್‌ರ‍್ಯಾಪ್‌ನ ಅಡಿಗೆ ಹೋಗಬೇಕು. ಈ ಕ್ರಮ ತಿರುಗುಮುರುಗಾದರೆ ನೀರು ಪಟ್ಟಿಯ ಹಿಂದಕ್ಕೇ ಇಳಿಯುತ್ತದೆ. ಕಿಟಕಿಯ ತಳದ ಅಂಚಿಗೆ ಸೀಲಂಟ್ ಎಳೆಯಬೇಡಿ, ಒಳಹೊಕ್ಕ ನೀರು ಹೊರಬರುವುದು ಅಲ್ಲಿಂದಲೇ.

ಕೆಳಮಹಡಿಯ ಛಾವಣಿಯ ಅಂಚು ಗೋಡೆಗೆ ಬಂದು ನಿಲ್ಲುವ ಮೂಲೆಯಲ್ಲಿ ನೀರನ್ನು ಸೂರಿನ ನೀರುದೋಣಿಗೆ ತಿರುಗಿಸುವ ಮಡಿಚಿದ ತಗಡು ಇರಲೇಬೇಕು. ಹಿಮದೂರಿನ ಗೋಡೆಗಳಲ್ಲಿ ಮೊದಲು ಕುಂಬಾಗುವುದು ಈ ಮೂಲೆ. ಸೂರಿನ ಬಳಿ ಮಂಜುಗಡ್ಡೆ ಕಟ್ಟೆ ಕಟ್ಟಿದಾಗ ಹಿಂದೆ ನಿಂತ ನೀರು ಸೈಡಿಂಗಿನ ಹಿಂದಕ್ಕೂ ಏರುತ್ತದೆ, ಆದ್ದರಿಂದ ಛಾವಣಿಯ ಅಂಟುವ ಜಲನಿರೋಧಕ ಹಾಳೆಯನ್ನು ಗೋಡೆಯ ಮೇಲೂ 30 ಸೆಂ.ಮೀ.ನಷ್ಟು ಏರಿಸಿ.

ಮೊಳೆ, ಸೀಲಂಟ್, ಹವಾಮಾನ

ಬಿಸಿಯಲ್ಲಿ ಸತು ಅದ್ದಿದ ಮೊಳೆ ಅಥವಾ ಸ್ಟೇನ್‌ಲೆಸ್. ಉಪ್ಪು ಸಿಡಿಯುವ ಕಡೆ ಸ್ಟೇನ್‌ಲೆಸ್ ಮಾತ್ರ. ಗಟ್ಟಿ ಮರದೊಳಗೆ 30 ಮಿ.ಮೀ. ಇಳಿಯಲಿ. ಸೀಲಂಟ್ ಎರಡು ಬದಿಗೆ ಮಾತ್ರ ಅಂಟಬೇಕು. ಅಗಲ ಸಂದಿನಲ್ಲಿ ಹಿಂದೆ ಫೋಮ್ ಹುರಿ ತುರುಕಿ, ಆಳವನ್ನು ಅಗಲದ ಅರ್ಧಕ್ಕೆ ಇಟ್ಟರೆ ಅದು ಹಿಗ್ಗಿ ಕುಗ್ಗಿಯೂ ಬಿಡುವುದಿಲ್ಲ. ಬಹುಪಾಲು ಅಕ್ರಿಲಿಕ್ ಬಣ್ಣಗಳಿಗೆ 10 ಡಿಗ್ರಿ ಬೇಕು, ಕೆಲವು 2 ಡಿಗ್ರಿವರೆಗೂ ಒಪ್ಪುತ್ತವೆ. ಡಬ್ಬಿಯ ಮೇಲೆ ನೋಡಿ, ಹಗಲಿನದ್ದಲ್ಲ, ರಾತ್ರಿಯ ಉಷ್ಣತೆಯನ್ನು ಲೆಕ್ಕ ಹಿಡಿಯಿರಿ. ಮಂಜು ಕೂತ ಹಲಗೆಯನ್ನು ಒರೆಸಿ ಬಡಿದರೂ ತೇವ ಒಳಗೇ ಉಳಿಯುತ್ತದೆ, ಸರಕನ್ನು ನೆಲದಿಂದ ಎತ್ತಿ, ಹೊದಿಸಿ ಇಡಿ.

ಅಳತೆ ಹೀಗೆ: ಗೋಡೆಗಳ ಅಗಲ ಎತ್ತರ ಗುಣಿಸಿ, ದೊಡ್ಡ ಕಿಟಕಿ ಬಾಗಿಲು ಕಳೆದು, ಶೇ. 10 ಸೇರಿಸಿ; ಮೂಲೆ, ತ್ರಿಕೋನ ಗೋಡೆ ಹೆಚ್ಚಿದ್ದರೆ ಶೇ. 15. ಒಂದಿಷ್ಟು ಹಾಳೆ ಮಿಕ್ಕರೆ ಮಾರಬೇಡಿ, ಮುಂದೆ ಒಡೆದಾಗ ಅದೇ ಬಣ್ಣ ಸಿಗುವುದು ಕಷ್ಟ. ವಾರಂಟಿ ಓದುವಾಗ ವರ್ಷದ ಸಂಖ್ಯೆ ಬಿಟ್ಟು, ಹೆಪ್ಪುಗಟ್ಟುವಿಕೆಯ ಹಾನಿ ಸೇರಿದೆಯೇ, ನೆಲದಿಂದ ಎಷ್ಟು ಎತ್ತರ ಕೇಳಿದ್ದಾರೆ, ಕತ್ತರಿಸಿದ ಅಂಚಿನ ಬಗ್ಗೆ ಏನು ಷರತ್ತು ಎಂದು ನೋಡಿ. ಕೆಲಸ ನಡೆಯುತ್ತಿರುವಾಗ ಹೌಸ್‌ರ‍್ಯಾಪ್, ನೀರುಪಟ್ಟಿ, ರೀಪರ್ ಕಾಣುವ ಹಾಗೆ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಜಗಳ ಬಂದಾಗ ಅದೇ ಪುರಾವೆ.

ಮೊದಲ ಚಳಿಗಾಲ ಕಳೆದು ಹಿಮ ಕರಗಿದ ಕೂಡಲೇ ತಳದ ಎರಡು ಸಾಲು, ಕಿಟಕಿಯ ಕೆಳಮೂಲೆಗಳು, ಛಾವಣಿ ಕೂಡುವ ಮೂಲೆಗಳನ್ನು ಪರೀಕ್ಷಿಸಿ. ಹಲಗೆಯ ಕೆಳಂಚು ಊದಿದ್ದರೆ ಅಂಚಿನ ಬಣ್ಣ ಬಿಟ್ಟುಹೋಗಿದೆ, ಅಥವಾ ಹಿಮ ತಾಗುತ್ತಿದೆ. ಸೂರಿನ ಬದಲು ಗೋಡೆಯ ನಡುವಿನ ಸಂದಿನಿಂದಲೇ ಹಿಮಬಿಳಲು ಇಳಿದಿದ್ದರೆ ಮೇಲೆ ಎಲ್ಲೋ ಕಟ್ಟಿಕೊಂಡ ಮಂಜುಗಡ್ಡೆಯ ನೀರು ಹಿಂದಕ್ಕೆ ಬರುತ್ತಿದೆ, ಇಲ್ಲವೇ ಒಳಗಿನ ಬಿಸಿಗಾಳಿ ಸೋರುತ್ತಿದೆ. ಅದರ ನೇರಕ್ಕೆ ಮೇಲಿನ ಎರಡು ಮೂರು ಸಾಲು ಬಿಚ್ಚಿ ನೋಡಿ, ಹೊರಗಿನಿಂದ ಸೀಲಂಟ್ ಮೆತ್ತಿ ಸುಮ್ಮನಾಗಬೇಡಿ.