ಮೂಳೆಯ ಗಡ್ಡೆ: ಬಯಾಪ್ಸಿ ಸೂಜಿ ಎಲ್ಲಿಗೆ ಹೋಗಬೇಕು?

ಐವತ್ತು ದಾಟಿದ ಮೇಲೆ ತೊಡೆ, ಸೊಂಟ, ಭುಜ ನೋಯುವುದು ಮಾಮೂಲು. ಆದರೆ ಮಲಗಿದರೂ ಬಿಡದ ನೋವು, ಇದ್ದಕ್ಕಿದ್ದಂತೆ ಜಾಸ್ತಿಯಾದ ಹಳೇ ನೋವು, ಸುಮ್ನೆ ಕಾಲು ತಿರುಚಿದ್ದಕ್ಕೇ ಮುರಿದ ಮೂಳೆ, ಇವನ್ನು ವಾತ ಅಂತ ತಳ್ಳಿಹಾಕಬೇಡಿ. ಎಣ್ಣೆ ತಿಕ್ಕುವ ಮೊದಲು ಎಕ್ಸ್‌ರೇ ತೆಗೆಸಿ.

ಇಂಥ ನೋವಿನ ಹಿಂದೆ ಇರಬಹುದಾದ ಡೀಡಿಫರೆನ್ಷಿಯೇಟೆಡ್ ಕಾಂಡ್ರೋಸಾರ್ಕೋಮಾ ಮೂಳೆಯ ಅಪರೂಪದ ಕ್ಯಾನ್ಸರ್. 1971ರಲ್ಲಿ ಅಮೆರಿಕದ ವೈದ್ಯರಾದ ಡಾಲಿನ್ ಮತ್ತು ಬೀಬೌಟ್ ಇದನ್ನು ವಿವರಿಸಿದರು. ಒಂದೇ ಮನೆಗೆ ಗೋಡೆ ಎಬ್ಬಿಸಿ ಇಬ್ಬರು ಬಾಡಿಗೆಗಿದ್ದ ಹಾಗೆ, ಗಡ್ಡೆಯ ಒಂದು ಭಾಗ ನಿಧಾನವಾಗಿ ಬೆಳೆಯುವ ಕಾರ್ಟಿಲೇಜ್ (ಮೃದ್ವಸ್ಥಿ) ಗಡ್ಡೆ, ಪಕ್ಕದ್ದು ಉಗ್ರ ಸಾರ್ಕೋಮಾ, ಅಂದರೆ ಮೂಳೆ, ಮಾಂಸದಂಥ ಅಂಗಾಂಶದ ಕ್ಯಾನ್ಸರ್.

ಎಕ್ಸ್‌ರೇಯಲ್ಲೂ ಇದು ಕಾಣಬಹುದು. ಒಂದು ಕಡೆ ಉಂಗುರ, ಕಮಾನಿನ ಆಕಾರದ ಬಿಳಿ ಚುಕ್ಕೆಗಳು. ಪಕ್ಕದಲ್ಲೇ ಚುಕ್ಕೆಯಿಲ್ಲದ ಕಪ್ಪು ಜಾಗ, ಅಲ್ಲಿ ಮೂಳೆಯ ಹೊರಗೋಡೆ ತಿಂದುಹೋಗಿರುತ್ತದೆ.

ಹಾಗಂತ ನೇರ ಇದೇ ಕಾಯಿಲೆ ಅನ್ನುವಂತಿಲ್ಲ. ಈ ವಯಸ್ಸಿನಲ್ಲಿ ಬೇರೆ ಅಂಗದಿಂದ ಮೂಳೆಗೆ ಹಬ್ಬಿದ ಕ್ಯಾನ್ಸರ್ ಮತ್ತು ಮೈಲೋಮಾ (ಮೂಳೆ ಮಜ್ಜೆಯ ಕ್ಯಾನ್ಸರ್) ಹೆಚ್ಚು ಸಾಮಾನ್ಯ. ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿ ಅವನ್ನೂ ನೋಡಲೇಬೇಕು. ಈ ಕಾಂಡ್ರೋಸಾರ್ಕೋಮಾ ಶ್ವಾಸಕೋಶಕ್ಕೆ ಬೇಗ ಹಬ್ಬುವುದರಿಂದ ಎದೆಯ ಸಿಟಿ ಬೇಕೇ ಬೇಕು.

ಇನ್ನು ಬಯಾಪ್ಸಿ, ಅಂದರೆ ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವುದು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಅದಕ್ಕೆ ಮುಂಚೆಯೇ ಇಡೀ ಮೂಳೆಯ ಎಂಆರ್‌ಐ ಆಗಿರಲಿ. ಸೂಜಿ ಚುಚ್ಚಿದ ಮೇಲೆ ರಕ್ತಸ್ರಾವದಿಂದ ಚಿತ್ರ ಗೊಂದಲವಾಗುತ್ತದೆ. ಆ ಎಂಆರ್‌ಐ ಮುಂದಿಟ್ಟುಕೊಂಡು, ಎಕ್ಸ್‌ರೇಯಲ್ಲಿ ಕಪ್ಪಾಗಿ ಕಂಡ ಉಗ್ರ ಭಾಗದಿಂದಲೂ ಚೂರು ತೆಗೆಯಬೇಕು. ಬರೀ ಚುಕ್ಕೆಯಿರುವ ಕಡೆಯಿಂದ ತೆಗೆದರೆ 'ಲೋ ಗ್ರೇಡ್' (ನಿಧಾನವಾಗಿ ಬೆಳೆಯುವ ಗಡ್ಡೆ) ಅಂತ ರಿಪೋರ್ಟ್ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಉಗ್ರ ಭಾಗ ಒಳಗೇ ಬೆಳೆಯುತ್ತಿರುತ್ತದೆ. ರಿಪೋರ್ಟ್ ಒಂದು ಹೇಳಿ ಎಕ್ಸ್‌ರೇ ಇನ್ನೊಂದು ಹೇಳಿದರೆ ಮತ್ತೆ ಚೂರು ತೆಗೆಯಬೇಕಾಗಬಹುದು. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಸೂಜಿ ಹೋದ ದಾರಿಯನ್ನೂ ಆಮೇಲೆ ಗಡ್ಡೆಯ ಜೊತೆ ಕತ್ತರಿಸಿ ತೆಗೆಯುವುದು ರೂಢಿ. ಹಾಗಾಗಿ ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯ ಜಾಗ ಗುರುತಿಸುವುದು ಒಳ್ಳೆಯದು. ಮೂಳೆ ಮುರಿದಿದ್ದರೆ ಕಾರಣ ತಿಳಿಯುವ ಮುಂಚೆ ಮೂಳೆಯೊಳಗೆ ರಾಡ್ ಹಾಕಿಸಿಕೊಳ್ಳಬೇಡಿ. ರಾಡ್ ಕ್ಯಾನ್ಸರ್ ಕೋಶಗಳನ್ನು ಮೂಳೆಯುದ್ದಕ್ಕೂ ಹರಡಬಲ್ಲದು.

ಚೂರಿನಲ್ಲಿ ಉಗ್ರ ಭಾಗ ಮಾತ್ರ ಸಿಕ್ಕರೆ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್‌ಗೆ ಬೇರೆ ಸಾರ್ಕೋಮಾ ಅನ್ನಿಸಬಹುದು. ಆಗ ಕಾರ್ಟಿಲೇಜ್ ಗಡ್ಡೆಗಳಲ್ಲಿ ಹಲವು ಸಲ ಬದಲಾಗಿರುವ ಐಡಿಎಚ್1, ಐಡಿಎಚ್2 ಜೀನ್‌ಗಳ ಪರೀಕ್ಷೆ ನೆರವಾಗುತ್ತದೆ. ಆದರೆ ಮೂಳೆ ಮೆತ್ತಗಾಗಲೆಂದು ಚೂರನ್ನು ಕಟು ಆಸಿಡ್‌ನಲ್ಲಿ ನೆನೆಸಿದರೆ ಡಿಎನ್ಎ ಹಾಳಾಗುತ್ತದೆ. ಒಂದಿಷ್ಟು ಚೂರು ಬೇರೆ ಇಡುತ್ತಾರಾ ಅಂತ ಮೊದಲೇ ಕೇಳಿ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಕಾಗದವೊಂದೇ ಸಾಲದು. ಸ್ಲೈಡ್, ಪ್ಯಾರಾಫಿನ್ ಬ್ಲಾಕ್ (ಚೂರನ್ನು ಮೇಣದಲ್ಲಿ ಕೂರಿಸಿಟ್ಟ ತುಂಡು), ಎಂಆರ್‌ಐ ಸಿಡಿ ಮೂರನ್ನೂ ಕೇಳಿ ಪಡೆದುಕೊಂಡು ಹೋಗಿ.