ಔಷಧಿಗೆ ಜಗ್ಗದ ಸೊಳ್ಳೆಗೆ ಪರದೆ ಕಟ್ಟುವುದು ಹೇಗೆ?

ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಲ್ಲಿ ಎರಡು ಮುಖ್ಯ: ಗ್ಯಾಂಬಿಯೇ ಮತ್ತು ಕೊಲುಜ್ಜಿ. ಇವು ಕೂಡುವುದು ಅಪರೂಪ. 2006ರ ಸುಮಾರಿಗೆ, ಊರೂರಿಗೆ ಔಷಧಿ ಲೇಪಿತ ಪರದೆ ಬರುತ್ತಿದ್ದ ಕಾಲದಲ್ಲೇ, ಗ್ಯಾಂಬಿಯೇಯ ಒಂದು ಜೀನ್ ಕೊಲುಜ್ಜಿಗೆ ದಾಟಿ ಬೇಗ ಹರಡಿತು.

ಆ ಜೀನ್ ಮಾಡುವುದಿಷ್ಟೇ. ಸೊಳ್ಳೆಯ ನರದಲ್ಲಿ ಸೋಡಿಯಂ ಒಳಬಿಡುವ ಸಣ್ಣ ಬಾಗಿಲುಗಳಿವೆ. ಪರದೆಯ ಪೈರೆಥ್ರಾಯ್ಡ್ ಔಷಧಿ ಅವನ್ನು ಮುಚ್ಚಲು ಬಿಡುವುದಿಲ್ಲ. ಸೊಳ್ಳೆ ಒದ್ದಾಡಿ ಬೀಳುತ್ತದೆ. ಬಾಗಿಲಿನ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಔಷಧಿಗೆ ಸರಿಯಾಗಿ ಹಿಡಿತ ಸಿಗುವುದಿಲ್ಲ.

ಹಾಗಂತ ಪರದೆ ಬಿಚ್ಚಿಡಬೇಡಿ. ಔಷಧಿ ಸೋತರೂ ಬಟ್ಟೆ ಇದೆ, ಅಲ್ವಾ? ಅಂಥ ಊರಿಗೆ ಕೆಲಸಕ್ಕೆ ಹೋಗುವ ನಮ್ಮವರೂ ಇದನ್ನು ಕಲಿಯಬೇಕು.

ಹೊಸ ಪರದೆಯನ್ನು ಬಿಚ್ಚಿ ಒಂದು ದಿನ ನೆರಳಲ್ಲಿ ಹರವಿ. ಇಲ್ಲದಿದ್ದರೆ ಮೊದಲ ರಾತ್ರಿ ಮೈ ಉರಿಯಬಹುದು. ಆಮೇಲೆ ನಾಲ್ಕೂ ಮೂಲೆ ಎಳೆದು ಕಟ್ಟಿ, ಅಂಚನ್ನು ಹಾಸಿಗೆ ಅಥವಾ ಚಾಪೆಯ ಕೆಳಗೆ ಸಿಕ್ಕಿಸಿ. ಸಡಿಲ ಬಿಟ್ಟರೆ ಮೊಣಕೈ ಪರದೆಗೆ ತಾಗುತ್ತದೆ, ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಈ ಸೊಳ್ಳೆಗಳ ಕಾಟ ನಡುರಾತ್ರಿಯ ಮೇಲೆ ಜಾಸ್ತಿ. ಅದಕ್ಕೆ ಮೊದಲೇ ಒಳಗೆ ಸೇರಿ.

ಈಗ ತೂತಿನ ವಿಷಯ. ಜನ ಇದನ್ನೇ ಅಲಕ್ಷ್ಯ ಮಾಡುತ್ತಾರೆ. ಸಾಧಾರಣ ಸೊಳ್ಳೆ ತೂತು ಹುಡುಕುತ್ತಾ ಪರದೆಯ ಮೇಲೆ ಕೂತರೆ ಔಷಧಿ ತಾಗಿ ಸಾಯುತ್ತದೆ. ಜಗ್ಗದ ಸೊಳ್ಳೆ ನಿಧಾನವಾಗಿ ಹುಡುಕಿ ಒಳಗೇ ಬರುತ್ತದೆ. ಹರಿದದ್ದು ಕಂಡ ದಿನವೇ ಹೊಲಿಯಿರಿ. ಹೊಲಿಗೆ ಚೆನ್ನಾಗಿರಬೇಕಿಲ್ಲ, ಗಂಟು ಹಾಕಿದರೂ ನಡೆಯುತ್ತದೆ.

ಒಗೆಯುವಾಗ ತಣ್ಣೀರು, ಸಾದಾ ಸೋಪು ಸಾಕು. ಬ್ಲೀಚ್ ಬೇಡ, ಬಂಡೆಗೆ ಬಡಿಯುವುದೂ ಬೇಡ. ಕೆರೆ, ಹೊಳೆಯಲ್ಲಿ ಒಗೆಯಬೇಡಿ, ಔಷಧಿ ಮೀನಿಗೆ ವಿಷ. ನೆರಳಲ್ಲೇ ಒಣಗಿಸಿ. ಸುಮಾರು 20 ಒಗೆತ, 3 ವರ್ಷ ಬರಲೆಂದೇ ಇವನ್ನು ತಯಾರಿಸುತ್ತಾರೆ. ಸುಮ್ನೆ ವಾರವಾರ ಒಗೆದರೆ ಅಷ್ಟು ದಿನ ಔಷಧಿ ಉಳಿಯುವುದಿಲ್ಲ.

ಆಯ್ಕೆ ಇದ್ದರೆ ಎರಡು ಔಷಧಿಯ ಪರದೆ ಕೇಳಿ. ಪಿಬಿಒ (ಪೈಪೆರೊನಿಲ್ ಬ್ಯುಟಾಕ್ಸೈಡ್) ಎಂಬ ರಾಸಾಯನಿಕ ಬೆರೆಸಿದ್ದು ವಿಷವನ್ನು ಜೀರ್ಣಿಸಿಕೊಳ್ಳುವ ಸೊಳ್ಳೆಯ ಕಿಣ್ವಗಳನ್ನು ತಡೆಯುತ್ತದೆ, ಆದರೆ ನರದ ಬಾಗಿಲನ್ನು ಮೊದಲಿನಂತೆ ಮಾಡಲಾರದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಕ್ಲೋರ್‌ಫೆನಾಪಿರ್ ಪರದೆಯ ಎರಡನೇ ಔಷಧಿ ನರದ ಗೊಡವೆಗೇ ಹೋಗುವುದಿಲ್ಲ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾವನ್ನೇ ಕೆಡಿಸುತ್ತದೆ.