ದವಡೆ ಕೂಡಿದರೂ ಮುಂದಿನ ಹಲ್ಲು ಕೂಡದಿದ್ದರೆ

ಮಗುವಿನ ಕೈಗೆ ಒಂದು ಮದ್ದೂರು ವಡೆ ಕೊಟ್ಟು ನೋಡಿ. ಮುಂದಿನ ಹಲ್ಲಲ್ಲಿ ಕಚ್ಚುವ ಬದಲು ಬಾಯಿಯ ಪಕ್ಕಕ್ಕೆ ಸರಿಸಿಕೊಂಡು ದವಡೆ ಹಲ್ಲಲ್ಲಿ ಮುರಿಯುತ್ತದಾ? ಹಾಗಿದ್ದರೆ ಸ್ವಲ್ಪ ಗಮನ ಕೊಡಿ. ಮಂಡ್ಯದ ನಮ್ಮ ಕ್ಲಿನಿಕ್‌ಗೆ ಮೊಮ್ಮಗಳನ್ನು ಕರೆತಂದ ಅಜ್ಜಿಯೊಬ್ಬರು ಹೇಳಿದ್ದು ಇಷ್ಟೇ: "ಸೌತೆಕಾಯಿ ಕಚ್ಚುದ್ರೆ ಸಿಪ್ಪೆ ತುಂಡಾಗಕಿಲ್ಲ ಡಾಕ್ಟ್ರೆ, ಅಂಗೇ ಎಳೀತಾಳೆ." ಬಾಯಿ ನೋಡುವ ಮೊದಲೇ ನನಗೆ ಅರ್ಧ ವಿಷಯ ಗೊತ್ತಾಗಿತ್ತು.

ದವಡೆ ಹಲ್ಲುಗಳು ಒಂದಕ್ಕೊಂದು ಕೂಡಿದ್ದರೂ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಕಿಂಡಿ ಉಳಿದರೆ ಅದನ್ನು ಓಪನ್ ಬೈಟ್ ಎನ್ನುತ್ತೇವೆ. ಸಾಮಾನ್ಯವಾಗಿ ಮೇಲಿನ ಹಲ್ಲು ಕೆಳಗಿನದನ್ನು 2ರಿಂದ 3 ಮಿಲಿಮೀಟರ್ ಮುಚ್ಚಿಕೊಂಡಿರಬೇಕು. ಕ್ಲಿಪ್ ಹಾಕಿಸಿದರೆ ಸರಿಹೋಗುತ್ತದೆ ಅಂತ ನಂಬಿಕೊಂಡು ಬರುವವರೇ ಜಾಸ್ತಿ. ಆದರೆ ಆ ಕಿಂಡಿ ಸುಮ್ನೆ ಆಗಿರುವುದಿಲ್ಲ. ಬೆರಳೋ, ನಾಲಿಗೆಯೋ, ಕಟ್ಟಿದ ಮೂಗೋ ಅದನ್ನು ತೆರೆದಿಟ್ಟಿರುತ್ತದೆ. ಅದನ್ನು ಹುಡುಕದೆ ತಂತಿ ಕಟ್ಟಿದರೆ, ಬಿಚ್ಚಿದ ಮೇಲೆ ಕಿಂಡಿ ಮತ್ತೆ ಬಾಯಿ ಬಿಡುತ್ತದೆ.

ಮೊದಲು ಮನೆಯಲ್ಲೇ ನೋಡಿ

ಮಗುವನ್ನು ಬೆಳಕಿಗೆ ಕೂರಿಸಿ. ಎಂಜಲು ನುಂಗಿ ದವಡೆ ಕಚ್ಚಿ ಹಿಡಿಯಲು ಹೇಳಿ, ತುಟಿ ಸರಿಸಿ ಎದುರಿನಿಂದ ನೋಡಿ. ಕಿಂಡಿ ಕಂಡರೆ ಮುಂದೆ ನೋಡಬೇಕಾದದ್ದು ಹಲ್ಲನ್ನಲ್ಲ, ಎರಡೂ ಹೆಬ್ಬೆರಳನ್ನು. ಚೀಪುವ ಬೆರಳು ಪಕ್ಕದ ಬೆರಳುಗಳಿಗಿಂತ ಬೆಳ್ಳಗೆ, ಆಗಷ್ಟೇ ತೊಳೆದ ಹಾಗೆ ಇರುತ್ತದೆ. ಎಷ್ಟೋ ಸಲ ಗೆಣ್ಣಿನ ಮೇಲೆ ಹಲ್ಲು ಒತ್ತಿ ಆದ ಪುಟ್ಟ ಜಡ್ಡು ಕೈಗೆ ಸಿಗುತ್ತದೆ. "ಅಯ್ಯೋ, ಅವಳು ಯಾವಾಗ್ಲೋ ಬಿಟ್ಟಳು" ಎಂದು ಅಮ್ಮ ಹೇಳುತ್ತಿದ್ದರೂ ಬೆರಳು ಬೇರೆಯೇ ಹೇಳುತ್ತಿರುತ್ತದೆ.

ಆಮೇಲೆ "ಸಕ್ಕರೆ, ಸಾಸಿವೆ, ಸೊಸೆ" ಅಂತ ಹೇಳಿಸಿ. 'ಸ' ಬಂದಾಗಲೆಲ್ಲ ನಾಲಿಗೆಯ ತುದಿ ಹಲ್ಲಿನ ನಡುವೆ ಇಣುಕುತ್ತದಾ ನೋಡಿ. ರಾತ್ರಿ ಮಗು ಮಲಗಿದ ಮೇಲೆ ಇನ್ನೊಮ್ಮೆ ಹೋಗಿ. ಬಾಯಿ ತೆರೆದಿದೆಯಾ, ಗೊರಕೆ ಇದೆಯಾ? ಇದನ್ನೆಲ್ಲ ಬರೆದಿಟ್ಟುಕೊಂಡು ಬಂದರೆ ನಮಗೆ ದೊಡ್ಡ ಸಹಾಯ.

6ರಿಂದ 8 ವರ್ಷದಲ್ಲಿ ಹಾಲುಹಲ್ಲು ಬಿದ್ದು ಹೊಸದು ಇಳಿಯುತ್ತಿರುವಾಗ ಕೆಲವು ತಿಂಗಳು ಕಿಂಡಿ ಇರುವುದು ಸಹಜ. ಅದಕ್ಕೆ ಗಾಬರಿ ಬೇಡ. ಆದರೆ 7 ವರ್ಷದ ಹೊತ್ತಿಗೆ ಒಮ್ಮೆ ಆರ್ಥೋಡಾಂಟಿಸ್ಟ್, ಅಂದರೆ ಹಲ್ಲಿನ ಸಾಲು ಸರಿಪಡಿಸುವ ವೈದ್ಯರ ಹತ್ತಿರ ತೋರಿಸಿಬಿಡಿ.

ಕಿಂಡಿ ಯಾಕಾಗುತ್ತದೆ?

ಹಲ್ಲನ್ನು ಸರಿಸುವುದು ಜೋರಾದ ಒತ್ತಡವಲ್ಲ, ಬಹಳ ಹೊತ್ತಿನ ಒತ್ತಡ. ಹಗಲಲ್ಲಿ ಐದು ನಿಮಿಷ ಬೆರಳು ಚೀಪುವ ಮಗುವಿಗಿಂತ ರಾತ್ರಿಯಿಡೀ ಬಾಯಲ್ಲಿಟ್ಟುಕೊಂಡು ಮಲಗುವ ಮಗುವಿನ ಹಲ್ಲಿಗೆ ತೊಂದರೆ ಹೆಚ್ಚು. ನಾಲಿಗೆಯದೂ ಇದೇ ಕಥೆ. ನುಂಗುವಾಗ ಅದು ಮುಂದೆ ತಳ್ಳುವುದನ್ನೇ ಎಲ್ಲರೂ ನೋಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಸುಮ್ಮನಿದ್ದಾಗ ನಾಲಿಗೆ ಎಲ್ಲಿ ಮಲಗಿರುತ್ತದೆ ಎನ್ನುವುದು. ಇಡೀ ದಿನ ಹಲ್ಲಿನ ನಡುವೆ ಒರಗಿದ್ದರೆ ಹಲ್ಲಿಗೆ ಇಳಿಯಲು ಜಾಗವೇ ಇರುವುದಿಲ್ಲ.

ಮೂಗಿನ ಹಿಂಭಾಗದ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ಊದಿಕೊಂಡರೆ ಅಥವಾ ಅಲರ್ಜಿಯಿಂದ ಮೂಗು ಕಟ್ಟಿದರೆ ಮಗು ಬಾಯಲ್ಲಿ ಉಸಿರಾಡುತ್ತದೆ. ಆಗ ನಾಲಿಗೆ ಕೆಳಗಿಳಿಯುತ್ತದೆ, ದವಡೆಯೂ ಕೆಳಕ್ಕೆ ಜೋತು ಬೀಳುತ್ತದೆ. ಇಂಥ ಮಗುವನ್ನು ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಕ್ಲಿಪ್ ವಿಚಾರ ಆಮೇಲೆ.

ಇನ್ನು ಕೆಲವರಲ್ಲಿ ತೊಂದರೆ ಮೂಳೆಯಲ್ಲೇ ಇರುತ್ತದೆ. ಮುಖ ಉದ್ದ, ತೀರಾ ಹಿಂದಿನ ಹಲ್ಲು ಮಾತ್ರ ತಾಗುತ್ತದೆ. ಇದು ಅರ್ಥವಾಗಬೇಕಾದರೆ ಅಜ್ಜಿಯ ಅಡಕತ್ತರಿ ನೆನೆಸಿಕೊಳ್ಳಿ. ಕೀಲಿನ ಹತ್ತಿರ ಒಂದು ಸಣ್ಣ ಅಡಿಕೆ ಚೂರು ಸಿಕ್ಕಿಕೊಂಡರೂ ತುದಿ ಅಗಲವಾಗಿ ತೆರೆದೇ ಇರುತ್ತದೆ, ಅಲ್ವಾ? ದವಡೆ ಹಲ್ಲು ಎತ್ತರವಾಗಿದ್ದರೆ ಆಗುವುದೂ ಅದೇ. ಎಷ್ಟು ಮೂಳೆಯದು, ಎಷ್ಟು ಹಲ್ಲಿನದು ಎಂದು ತಿಳಿಯಲು ತಲೆಯ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಯುತ್ತೇವೆ.

ಬೆರಳು ಬಿಡಿಸುವುದು

3-4 ವರ್ಷದವರೆಗೆ ಬೈಯುವ ಅಗತ್ಯವೇ ಇಲ್ಲ. ಮುಂದಿನ ಶಾಶ್ವತ ಹಲ್ಲು ಬರುವ ಮೊದಲು ಅಭ್ಯಾಸ ಬಿಟ್ಟರೆ ಕಿಂಡಿ ಎಷ್ಟೋ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೂ ಬಿಡದಿದ್ದರೆ ಮಗುವಿನ ಜೊತೆ ಕೂತು ಮಾತಾಡಿ. ಕ್ಯಾಲೆಂಡರ್‌ನಲ್ಲಿ ಬೆರಳು ಚೀಪದ ರಾತ್ರಿಗೆಲ್ಲ ಮಗುವಿನ ಕೈಯಿಂದಲೇ ಒಂದು ಚುಕ್ಕಿ ಇಡಿಸಿ. ಮಲಗುವಾಗ ಕೈಗೆ ಹತ್ತಿ ಬಟ್ಟೆಯ ಚೀಲವೋ ಕಾಲುಚೀಲವೋ ಹಾಕಿ. ಬೆರಳಿಗೆ ಮೆಣಸಿನಪುಡಿ ಹಚ್ಚಬೇಡಿ, ದಯವಿಟ್ಟು. ನಿದ್ದೆಗಣ್ಣಲ್ಲಿ ಮಗು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತದೆ.

ಇದ್ಯಾವುದೂ ಆಗದಿದ್ದರೆ ಕ್ರಿಬ್ ಹಾಕುತ್ತೇವೆ. ಮೇಲಿನ ಹಲ್ಲುಗಳ ಹಿಂದೆ ಕೂರುವ ಪುಟ್ಟ ತಂತಿ ಬೇಲಿ ಅದು. ಬೆರಳಿಟ್ಟರೆ ಹಿತ ಸಿಗುವುದಿಲ್ಲ, ನಾಲಿಗೆಯೂ ಹಿಂದೆ ಉಳಿಯುತ್ತದೆ. ಮೊದಲ ಒಂದು ವಾರ ಮಾತು ತೊದಲುತ್ತದೆ, ಊಟ ನಿಧಾನವಾಗುತ್ತದೆ. ಆಗ ಮನೆಯಲ್ಲಿ ಯಾರೂ ರೇಗಿಸಬಾರದು. ಅಭ್ಯಾಸ ನಿಂತ ಮೇಲೂ 3ರಿಂದ 6 ತಿಂಗಳು ಅದು ಬಾಯಲ್ಲೇ ಇರಲಿ.

ನಾಲಿಗೆಗೆ ಅದರ ಜಾಗ ಕಲಿಸುವುದು

ಮೇಲಿನ ಮುಂಬಲ್ಲಿನ ಹಿಂದೆ, ವಸಡಿನ ಮೇಲೆ ನಾಲಿಗೆ ಆಡಿಸಿ. ಸಣ್ಣ ಉಬ್ಬೊಂದು ಸಿಗುತ್ತದೆ. ನಾಲಿಗೆಯ ತುದಿ ಇರಬೇಕಾದ್ದು ಅಲ್ಲಿ. ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ತುದಿಯನ್ನು ಅಲ್ಲಿಟ್ಟು, ದವಡೆ ಕೂಡಿಸಿ, ತುಟಿ ಬಿಗಿಯದೆ ನುಂಗಿ. ಕನ್ನಡಿ ಮುಂದೆ ದಿನಕ್ಕೆ ಎರಡು ಹೊತ್ತು, ಹತ್ತತ್ತು ಸಲ ಮಾಡಿಸಿ. ಮಾತಿನಲ್ಲೂ ತೊಡಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ವಾಕ್ ತಜ್ಞರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ತಂತಿ, ರಬ್ಬರ್, ಸ್ಕ್ರೂ

ಶಾಶ್ವತ ಹಲ್ಲುಗಳು ಬಂದ ಮೇಲೆ ಕ್ಲಿಪ್. ಮೇಲಿನ ಮತ್ತು ಕೆಳಗಿನ ಹಲ್ಲುಗಳಿಗೆ ಸಣ್ಣ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಹತ್ತಿರ ಎಳೆಯುತ್ತೇವೆ. ಅದನ್ನು ಹಾಕಿಕೊಳ್ಳಬೇಕಾದವರು ನೀವೇ. ಕಾಲೇಜಿಗೆ ಹೋಗುವಾಗ ತೆಗೆದು ರಾತ್ರಿ ಮಾತ್ರ ಹಾಕಿಕೊಂಡರೆ ಹಲ್ಲು ಕದಲುವುದಿಲ್ಲ. ಹಲ್ಲು ಮುಂದಕ್ಕೆ ಚಾಚಿದ್ದರೆ ಪಕ್ಕದ ಹಲ್ಲು ಕೀಳಿಸಿ, ಮುಂದಿನವನ್ನು ಹಿಂದಕ್ಕೆ ತರುವುದೂ ಉಂಟು. ಕೆಲವರಿಗೆ ಅಲೈನರ್, ಅಂದರೆ ಹಲ್ಲಿನ ಮೇಲೆ ಹಾಕಿ ತೆಗೆಯುವ ಪಾರದರ್ಶಕ ಪ್ಲಾಸ್ಟಿಕ್ ಕವಚ ಸಾಕಾಗುತ್ತದೆ.

ದವಡೆ ಹಲ್ಲಿನ ಎತ್ತರವೇ ಕಾರಣವಾದರೆ ಮುಂದಿನದನ್ನು ಎಳೆದು ಪ್ರಯೋಜನವಿಲ್ಲ. ಅಡಕತ್ತರಿಯಿಂದ ಆ ಅಡಿಕೆ ಚೂರು ತೆಗೆಯಬೇಕು. ಅದಕ್ಕೆ ಮಿನಿ ಸ್ಕ್ರೂ ಇದೆ. 1.5ರಿಂದ 2 ಮಿ.ಮೀ. ದಪ್ಪದ ಸ್ಕ್ರೂವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮೂಳೆಗೆ ಕೂರಿಸುತ್ತೇವೆ. ಅದರ ಆಸರೆಯಲ್ಲಿ ದವಡೆ ಹಲ್ಲನ್ನು ನಿಧಾನಕ್ಕೆ ಒಳಕ್ಕೆ ಒತ್ತುತ್ತೇವೆ. ಹಿಂದೆ ಹಲ್ಲು 1 ಮಿ.ಮೀ. ಒಳಕ್ಕೆ ಹೋದರೆ ಮುಂದೆ ಸುಮಾರು 2ರಿಂದ 3 ಮಿ.ಮೀ. ಮುಚ್ಚುತ್ತದೆ. ಕೆಲಸ ಮುಗಿದ ಮೇಲೆ ಸ್ಕ್ರೂ ತೆಗೆಯುತ್ತೇವೆ.

ಮೂಳೆಯ ವ್ಯತ್ಯಾಸ ತುಂಬಾ ಇದ್ದರೆ, ಬೆಳವಣಿಗೆ ಮುಗಿದ ಮೇಲೆ ದವಡೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅವಸರ ಮಾಡಿ ಮೊದಲೇ ಮಾಡಿಸಿದರೆ ಉಳಿದ ಬೆಳವಣಿಗೆ ಅದನ್ನು ಕೆಡಿಸಬಹುದು.

ಚಿಕಿತ್ಸೆ ಒಂದೂವರೆ ಎರಡು ವರ್ಷ ಹಿಡಿಯುವುದು ಮಾಮೂಲು, ಜೊತೆಗೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಭೇಟಿ. ಖರ್ಚಿನ ಯೋಚನೆ ಇರುವವರು ಮೈಸೂರಿನ ಬನ್ನಿಮಂಟಪದ ಜೆಎಸ್‌ಎಸ್, ತಿಲಕನಗರದ ಫಾರೂಕಿಯಾದಂಥ ದಂತ ಕಾಲೇಜುಗಳ ಆಸ್ಪತ್ರೆಯಲ್ಲೂ ವಿಚಾರಿಸಿ. ಅಷ್ಟು ದಿನ ಕಬ್ಬು ಸಿಗಿದು ತಿನ್ನುವುದು ಬೇಡ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಕುಟ್ಟಿ ಪುಡಿ ಮಾಡಿ ತಿನ್ನಿ. ಆಲೆಮನೆಯ ಬಿಸಿ ಬೆಲ್ಲದ ಪಾಕ ಬ್ರಾಕೆಟ್‌ಗೆ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪುಟ್ಟ ತುಂಡು) ಅಂಟಿದರೆ ಕೂಡಲೇ ಬಾಯಿ ಮುಕ್ಕಳಿಸಿ ಬ್ರಷ್ ಮಾಡಿ.

ತಂತಿ ಬಿಚ್ಚಿದ ಮೇಲೆ

ಓಪನ್ ಬೈಟ್ ಮರುಕಳಿಸುವುದು ಜಾಸ್ತಿ. ಹಾಗಾಗಿ ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸುತ್ತೇವೆ, ಮಲಗುವಾಗ ಹಾಕಿಕೊಳ್ಳಲು ರೀಟೇನರ್, ಅಂದರೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನ ಕೊಡುತ್ತೇವೆ. ನಾಲಿಗೆಯ ಅಭ್ಯಾಸ ನಿಲ್ಲಿಸಬೇಡಿ. ರೀಟೇನರನ್ನು ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರಿಗೆ ಅದು ಸೊಟ್ಟಗಾಗುತ್ತದೆ. ಮದುವೆ ಊಟಕ್ಕೆ ಕೂರುವಾಗ ತೆಗೆದರೆ ಕಾಗದದಲ್ಲಿ ಸುತ್ತಿ ಎಲೆ ಪಕ್ಕ ಇಡಬೇಡಿ. ಎಲೆ ಎತ್ತುವವರು ಅದನ್ನೂ ಎತ್ತಿಕೊಂಡು ಹೋಗುತ್ತಾರೆ. ಡಬ್ಬಿಗೇ ಹಾಕಿ, ಡಬ್ಬಿ ಜೇಬಿನಲ್ಲಿರಲಿ.